ಸ್ವಲ್ಪ ಬ್ಯಾಗ್ ನೋಡ್ಕೊಳ್ಳಿ

ನನ್ನ ಮಗನಿಗೆ ಎರಡು ಸೆಂಟಿಮೀಟರ್ ಕಡಿಮೆ ಬಿತ್ತು. ಪರೀಕ್ಷೆಯಲ್ಲಿ ಎರಡು ಮಾರ್ಕು ಕಡಿಮೆ ಬಿದ್ದರೆ ಮೇಷ್ಟ್ರ ಹತ್ತಿರ ಹೋಗಿ ಕೇಳಬಹುದು. ಸೆಂಟಿಮೀಟರಿಗೆ ಯಾರನ್ನು ಕೇಳುವುದು?

ಇದು 2018ರ ಏಪ್ರಿಲ್ ತಿಂಗಳ ಮಾತು. ಆಗ ನಾವು ದುಬೈಯಲ್ಲಿದ್ದೆವು. ಕಟಪಾಡಿಯಿಂದ ಅಮ್ಮ ಬಂದಿದ್ದಳು. ಬುರ್ಜ್ ಖಲೀಫಾ ತೋರಿಸಿದರೆ, "ಚೆಂದ ಉಂಟು, ಇಷ್ಟು ಗಾಜು ಒರೆಸುವುದು ಯಾರು ಮಾರಾಯ?" ಅಂದಳು. ಅಲ್ಲಿಗೆ ಬುರ್ಜ್ ಖಲೀಫಾ ಮುಗಿಯಿತು. ಮಗನದ್ದು ಮಾತ್ರ ಒಂದೇ ಹಠ, ಅಬುಧಾಬಿಯ ಯಾಸ್ ದ್ವೀಪದಲ್ಲಿರುವ ಫೆರಾರಿ ವರ್ಲ್ಡ್. ಅಲ್ಲಿ ಫಾರ್ಮುಲಾ ರೋಸಾ ಅಂತ ಒಂದು ರೋಲರ್ ಕೋಸ್ಟರ್ ಉಂಟು. ಐದು ಸೆಕೆಂಡಿನಲ್ಲಿ ಗಂಟೆಗೆ 240 ಕಿಲೋಮೀಟರ್ ವೇಗಕ್ಕೆ ಏರುತ್ತದೆ, 2010ರಲ್ಲಿ ಶುರುವಾದಂದಿನಿಂದ ಪ್ರಪಂಚದಲ್ಲೇ ಇದಕ್ಕಿಂತ ಜೋರಿನದ್ದು ಇಲ್ಲ, ಮರಳು ಕಣ್ಣಿಗೆ ಬೀಳಬಾರದು ಅಂತ ಹತ್ತುವವರಿಗೆ ಕನ್ನಡಕ ಕೊಡುತ್ತಾರೆ ಅಂತೆಲ್ಲ ಅವನು ಒಂದು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಪಾಠ ಒಪ್ಪಿಸುತ್ತಿದ್ದ. ಹತ್ತಲಿಕ್ಕೆ 140 ಸೆಂಟಿಮೀಟರ್ ಎತ್ತರ ಬೇಕು ಅನ್ನುವುದೂ ಗೊತ್ತಿತ್ತು ಅವನಿಗೆ. ಅದನ್ನು ಮಾತ್ರ ನಮಗೆ ಹೇಳಿರಲಿಲ್ಲ.

ಶುಕ್ರವಾರ ಹೊರಟೆವು. ಆಗ ಅಲ್ಲಿ ಶುಕ್ರವಾರ, ಶನಿವಾರ ರಜೆ. ಶನಿವಾರ, ಭಾನುವಾರಕ್ಕೆ ಬದಲಾದದ್ದು 2022ರಲ್ಲಿ. ಅಮ್ಮ ಬೆಳಿಗ್ಗೆ ನಾಲ್ಕಕ್ಕೇ ಎದ್ದು, ರಾತ್ರಿ ಕಲಸಿಟ್ಟ ಹಿಟ್ಟಿನಲ್ಲಿ ಹದಿನೆಂಟು ಬನ್ಸ್ ಕರಿದಿದ್ದಳು. ದಾರಿಯಲ್ಲಿ ಜೆಬೆಲ್ ಅಲಿ ದಾಟಿದ ಮೇಲೆ ಹೆಂಡತಿ ಮೊಬೈಲ್ ನೋಡಿ, "ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ" ಅಂದಳು. ಸ್ವಲ್ಪ ಹೊತ್ತು ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

"ಬಿಸಾಡುವುದಾ?" ಅಂತ ಅಮ್ಮ ಕೇಳಿದಳು. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ. ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ಮುಚ್ಚಿ, ಎಸಿ ಹಾಕಿ, ಮಡಿಲಲ್ಲಿ ಟಿಶ್ಯೂ ಹರಡಿಕೊಂಡು ಹದಿನೆಂಟೂ ಮುಗಿಸಿದೆವು. ಅದರಲ್ಲಿ ಏಳು ನನ್ನದು. ತೆಂಗಿನಕಾಯಿ ಚಟ್ನಿಯೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಒಳಗೆ ಹೋಗಿ ಮೊದಲು ಹತ್ತಿದ್ದು ಚಿಕ್ಕ ಮಕ್ಕಳ ಒಂದು ಆಟ. ಮೆಲ್ಲ ತಿರುಗುವಂಥದ್ದು. ನನ್ನ ಮುಂದೆ ಕೂತಿದ್ದ ನಾಲ್ಕು ವರ್ಷದ ಹುಡುಗಿ ಕೈ ಬೀಸುತ್ತಾ ಹಾಡುತ್ತಿದ್ದಳು. ಮೂರನೇ ಸುತ್ತಿಗೆ ಮೊದಲ ಬನ್ಸ್ ಎದ್ದು ಕೂತಿತು. ಐದನೇ ಸುತ್ತಿಗೆ ಏಳೂ ಎದ್ದವು. ಇಳಿದ ಮೇಲೆ ನಾನು ಎಲ್ಲಿಗೆ ಓಡಿದೆ, ಎಂತ ಮಾಡಿದೆ ಅನ್ನುವುದೆಲ್ಲ ಇಲ್ಲಿ ಬೇಡ.

ಹಾಗಾಗಿ ಫಾರ್ಮುಲಾ ರೋಸಾಕ್ಕೆ ಬರುವಾಗ ನಾನು ಲೆಕ್ಕದಲ್ಲಿರಲಿಲ್ಲ. ಮಗ ಎದೆಯುಬ್ಬಿಸಿ ಹೋಗಿ ಅಳತೆಯ ಕಂಬಕ್ಕೆ ಒರಗಿ ನಿಂತ. ಕಂಬದ ಹತ್ತಿರ ಇದ್ದ ಹುಡುಗ ಬಗ್ಗಿ ನೋಡಿ, ಪಾಪ, ತುಂಬಾ ನಯವಾಗಿ ತಲೆಯಾಡಿಸಿದ. 138. ಆಮೇಲೆ ಶೂ ಬಿಚ್ಚಿದಾಗ ಗೊತ್ತಾಯಿತು, ಮಗ ಮೂರು ಜೊತೆ ಸಾಕ್ಸ್ ಹಾಕಿಕೊಂಡು ಬಂದಿದ್ದ.

ಈಗ ಕ್ಯೂನಲ್ಲಿ ಉಳಿದದ್ದು ಹೆಂಡತಿ ಮತ್ತು ಅಮ್ಮ. ಅಮ್ಮನಿಗೆ ಆಗ 62. ಬಿಪಿ ಇಲ್ಲ, ಶುಗರ್ ಇಲ್ಲ, ಹೆದರಿಕೆಯಂತೂ ಮೊದಲಿಂದಲೂ ಇಲ್ಲ. ಸೊಸೆಯ ಚೂಡಿದಾರ ಹಾಕಿಕೊಂಡು ಬಂದಿದ್ದಳು. ವೇಲ್ ತೆಗೆದು ನನ್ನ ಹೆಗಲಿಗೆ ಹಾಕಿದಳು. ಕನ್ನಡಕ, ಬಳೆ, ಪರ್ಸು ಕೊಟ್ಟಳು. ಕೊನೆಗೆ ಜಡೆಯಿಂದ ಮಲ್ಲಿಗೆ ಬಿಚ್ಚಿ ನನ್ನ ಕೈಗೆ ಕೊಟ್ಟು, "ಹೂ ಜಾಗ್ರತೆ" ಅಂದಳು. ಮಗ ಜಾಗ್ರತೆ ಅಂತ ಯಾರೂ ಹೇಳಲಿಲ್ಲ.

ಅದು ಶಂಕರಪುರದ ಮಲ್ಲಿಗೆ. ಎರಡು ದಿನದ ಹಿಂದೆ ಬಜಪೆಯಿಂದ ವಿಮಾನದಲ್ಲಿ ಅಮ್ಮನ ಜೊತೆ ಬಂದು, ನಮ್ಮ ಫ್ರಿಜ್ಜಿನಲ್ಲಿ ಬಾಳೆಲೆಯೊಳಗೆ ಮಲಗಿದ್ದದ್ದು. ಎಲ್ಲಿ ಇಡುವುದು ಅಂತ ತಿಳಿಯದೆ ಕೈಗೆ ಸುತ್ತಿಕೊಂಡೆ. ಒಂದು ಹೆಗಲಲ್ಲಿ ವೇಲ್, ಇನ್ನೊಂದರಲ್ಲಿ ಹೆಂಡತಿಯ ಬ್ಯಾಗ್, ಮುಂಗೈಯಲ್ಲಿ ಮಲ್ಲಿಗೆ. ಫೆರಾರಿ ಕಾರುಗಳ ನಡುವೆ ಒಂದು ಬೆಂಚಿನಲ್ಲಿ ಹಳೇ ಕಾಲದ ಜಮೀನ್ದಾರನ ಹಾಗೆ ಕೂತೆ. ಪಕ್ಕದಲ್ಲಿ ಅಳುವ ಮಗ. ಅವನನ್ನು ಸುಮ್ಮನಿರಿಸಲಿಕ್ಕೆ ಲೆಕ್ಕ ಹೇಳಿಕೊಟ್ಟೆ: 800 ಹೂ ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3200, ಈಗ ಇದರಲ್ಲಿ ಎಷ್ಟುಂಟು ಎಣಿಸು ನೋಡುವಾ. ಮೂಗು ಒರೆಸಿಕೊಂಡು ಎಣಿಸಲಿಕ್ಕೆ ಶುರು ಮಾಡಿದ.

"ಶಂಕರಪುರದ್ದಲ್ವಾ?"

ತಲೆಯೆತ್ತಿದೆ. ನನ್ನದೇ ವಯಸ್ಸಿನವರು, ಹಿಂದೆ ಹೆಂಡತಿ, ಇಬ್ಬರು ಮಕ್ಕಳು. ನನ್ನ ಮುಖ ನೋಡಲೇ ಇಲ್ಲ, ಬಾಳೆನಾರಿನ ಕಟ್ಟು ನೋಡಿಯೇ ಗುರುತು ಹಿಡಿದಿದ್ದರು. ಕಾರ್ಕಳದವರಂತೆ. "ಊರಲ್ಲಿ ಈಗ ಅಟ್ಟೆಗೆ ಎಷ್ಟು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರ ಮುಖದಲ್ಲಿ ನನ್ನ ಮೇಲಿನ ಗೌರವ ಸ್ವಲ್ಪ ಇಳಿಯಿತು. "ನೀವು ಹತ್ತುವುದಿಲ್ವಾ?" ಅಂದರು. "ನನಗೆ ಇಂಥದ್ದರಲ್ಲಿ ಅಷ್ಟು ಇಂಟರೆಸ್ಟ್ ಇಲ್ಲ" ಅಂದೆ. ಮಗ ಎಣಿಕೆ ನಿಲ್ಲಿಸದೆ, "ಅಪ್ಪ ವಾಂತಿ ಮಾಡಿದ್ದಾರೆ, ನೂರ ಎಂಬತ್ತೊಂದು, ನೂರ ಎಂಬತ್ತೆರಡು" ಅಂದ.

ಆಗಲೇ ಅವರಿಗೆ ಧೈರ್ಯ ಬಂದದ್ದು. ಇಳಿಸಿದರು ನೋಡಿ ಚೀಲಗಳನ್ನು! ಎರಡು ಬ್ಯಾಗ್, ಒಂದು ಕ್ಯಾಮೆರಾ, ಮಗುವಿನ ಗುಲಾಬಿ ಬಣ್ಣದ ಫ್ಲಾಸ್ಕ್. "ಊರಿನವರು ಸಿಕ್ಕಿದ್ದು ಒಳ್ಳೇದಾಯ್ತು. ಸ್ವಲ್ಪ ಬ್ಯಾಗ್ ನೋಡ್ಕೊಳ್ಳಿ, ಈಗ ಬಂದೆವು" ಅಂದವರು ನಲವತ್ತು ನಿಮಿಷ ಬರಲಿಲ್ಲ. ದುಡ್ಡು ಕೊಟ್ಟು ಇಡುವ ಲಾಕರು ಅಲ್ಲೇ ಎದುರಿಗಿತ್ತು. ಆದರೆ ಲಾಕರು ಕಟಪಾಡಿಯದ್ದಲ್ಲವಲ್ಲ.

ಅಷ್ಟರಲ್ಲಿ ಅಮ್ಮ ಬಂದಳು. ಕೂದಲು ಪೂರ್ತಿ ಹಿಂದಕ್ಕೆ ನಿಂತಿತ್ತು. ಹೆಂಡತಿ ಗೋಡೆ ಹಿಡಿದುಕೊಂಡು ಬರುತ್ತಿದ್ದಳು.

"ಹೇಗಿತ್ತಮ್ಮ?"

"ಜೋರುಂಟು, ಆದರೆ ಕೂತದ್ದೂ ಗೊತ್ತಾಗ್ಲಿಲ್ಲ, ಇಳಿದದ್ದೂ ಗೊತ್ತಾಗ್ಲಿಲ್ಲ. ನಮ್ಮ ಎಕ್ಸ್‌ಪ್ರೆಸ್ ಬಸ್ಸಲ್ಲಾದ್ರೆ ಮಂಗಳೂರಿನ ತನಕ ಇದೇ ಅನುಭವ ಸಿಕ್ತದೆ. ಅಲ್ಲಿ ಬೆಲ್ಟು ಕೂಡ ಇಲ್ಲ."

ಇಪ್ಪತ್ತೆಂಟು ವರ್ಷ ಕಟಪಾಡಿಯಿಂದ ಮಂಗಳೂರಿಗೆ ಕೆಲಸಕ್ಕೆ ಓಡಾಡಿದವಳು, ಹೇಳುವ ಹಕ್ಕುಂಟು. ಆಮೇಲೆ ನನ್ನ ಕೈಯಿಂದ ಹೂ ಬಿಡಿಸಿಕೊಂಡು ನೋಡಿದಳು. ನನ್ನ ಬೆವರಿಗೆ ಮೊಗ್ಗುಗಳೆಲ್ಲ ಕಂದು ಹಿಡಿದು ನಾರಿಗೆ ಅಂಟಿಕೊಂಡಿದ್ದವು. "ಒಂದು ಹೂ ನೋಡ್ಕೊಳ್ಳಲಿಕ್ಕೂ ಆಗ್ಲಿಲ್ಲ ನಿನಗೆ" ಅಂದಳು. ಮಗ, "ಅಜ್ಜೀ, 212" ಅಂದ.

ನಾವು ಊರಿಗೆ ವಾಪಸಾಗಿ ಐದು ವರ್ಷವಾಯಿತು. ಮಗ ಈಗ ನನಗಿಂತ ಎತ್ತರ. ಕಳೆದ ಸಲ ಮಂಗಳೂರಿನ ಕರಾವಳಿ ಉತ್ಸವ ಮೈದಾನದಲ್ಲಿ ಜಾಯಿಂಟ್ ವೀಲ್ ಹಾಕಿದ್ದಾಗ ಎಲ್ಲರೂ ಹತ್ತಿದರು, ಅಮ್ಮನೂ. ನಾನು ಕೆಳಗೆ ಮೂರು ಜೊತೆ ಚಪ್ಪಲಿ, ಒಂದು ಬ್ಯಾಗ್ ಹಿಡಿದು ನಿಂತಿದ್ದೆ. ಯಾರೋ ಹೆಗಲು ತಟ್ಟಿದರು.

"ಓ, ನೀವಾ! ಈಗಲೂ ನೀವೇ ನೋಡಿಕೊಳ್ಳುವುದಾ?"

ಕಾರ್ಕಳದವರು. ಹಿಂದೆ ಅದೇ ಹೆಂಡತಿ, ಉದ್ದವಾದ ಅದೇ ಮಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಎರಡು ಬ್ಯಾಗು ನನ್ನ ಕಾಲ ಬುಡಕ್ಕೆ ಬಂದವು. ಕ್ಯೂ ಕಡೆಗೆ ನಾಲ್ಕು ಹೆಜ್ಜೆ ಹೋದವರು ಏನೋ ನೆನಪಾಗಿ ತಿರುಗಿ ಬಂದು, ಕೈಯಲ್ಲಿದ್ದ ಅರ್ಧ ಪೊಟ್ಟಣ ಚುರುಮುರಿಯನ್ನೂ ನನಗೆ ಕೊಟ್ಟರು.

"ತಿನ್ನಿ, ನೀವು ಹೇಗೂ ಹತ್ತುವವರಲ್ಲ."

ತಿಂದೆ. ಖಾರ ಸ್ವಲ್ಪ ಜಾಸ್ತಿಯಿತ್ತು.