ಆಕೆಯ ಮುಷ್ಟಿಯಲ್ಲೇ ಉತ್ತರವಿತ್ತು

ಇಂದು ಬೆಳಿಗ್ಗೆ ಉಡುಪಿಯ ಕಲ್ಸಂಕದ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ಕಿವಿಗೆ ಬಿದ್ದ ಒಂದು ಮಾತು ಸಂಜೆಯಾದರೂ ನನ್ನನ್ನು ಬಿಟ್ಟಿಲ್ಲ. ಅರವತ್ತು ದಾಟಿದ ಹೆಂಗಸೊಬ್ಬರು ಅಲ್ಲಿ ಕುಳಿತಿದ್ದರು. ಒಂದರ ಹಿಂದೊಂದು ಮೂರು ಖಾಸಗಿ ಬಸ್ಸುಗಳು ಬಂದವು, ಕಂಡಕ್ಟರುಗಳು "ಮಣಿಪಾಲ, ಮಣಿಪಾಲ" ಎಂದು ಕೂಗಿದರು, ಆಕೆ ಏಳಲಿಲ್ಲ. ನನ್ನ ಪಕ್ಕದಲ್ಲಿದ್ದ ಗೃಹಸ್ಥರೊಬ್ಬರು "ಇಂಥವರಿಗೆ ಸಮಯದ ಬೆಲೆಯೇ ಗೊತ್ತಿಲ್ಲ" ಎಂದು ಆಕೆಗೆ ಕೇಳುವಂತೆಯೇ ಹೇಳಿ ಮೂರನೆಯ ಬಸ್ಸು ಹತ್ತಿ ಹೋದರು.

ಆಕೆಯ ಮಡಿಲಲ್ಲಿ ಆಸ್ಪತ್ರೆಯ ಫೈಲು ಮತ್ತು ಒಂದು ಫ್ಲಾಸ್ಕ್ ಇದ್ದವು. ಬಲಗೈ ಮುಷ್ಟಿಯಲ್ಲಿ, ಅಂಚು ಹರಿದ ಪ್ಲಾಸ್ಟಿಕ್ ಹೊದಿಕೆಯೊಳಗೆ, ಆಧಾರ್ ಕಾರ್ಡ್ ಇತ್ತು. ನಾನು ಕೇಳಿದೆ. "ನರ್ಮ್ ಬಸ್ಸು ಬರ್ತದಲ್ಲ ಅಕ್ಕ, ಅದಕ್ಕೆ ಕೂತದ್ದು. ಅವರಿಗೆ ಗಂಜಿ ತಕೊಂಡು ದಿನಾ ಹೋಗಿ ಬರ್ಲಿಕ್ಕುಂಟು" ಎಂದರು. ನರ್ಮ್ ಬಸ್ಸೆಂದರೆ ನಮ್ಮೂರಿನ ಸರಕಾರಿ ಸಿಟಿ ಬಸ್ಸು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಆಧಾರ್‌ನಂಥ ಗುರುತಿನ ಚೀಟಿ ತೋರಿಸಿದರೆ ರಾಜ್ಯದ ಹೆಂಗಸರು ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟಿಗೆ ಹಣ ಕೊಡಬೇಕಾಗಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಸರಕಾರಿ ಬಸ್ಸು ಬೇಕೆಂದರೆ ಕಾಯಲೇಬೇಕು. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗ ದಿನಕ್ಕೆರಡು ಟಿಕೆಟಿನ ಹಣ ಉಳಿಸುವವರಿಗೆ ಸಮಯದ ಬೆಲೆಯೂ ಹಣದ ಬೆಲೆಯೂ ಚೆನ್ನಾಗಿಯೇ ಗೊತ್ತಿರುತ್ತದೆ. ಇದನ್ನು ತಿಳಿಯಲು ಪಾಂಡಿತ್ಯ ಬೇಡ, ಆ ಮುಷ್ಟಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ನಾನು ಮನಃಶಾಸ್ತ್ರ ಕಲಿಸಿದವಳೆಂದು ನಿಮಗೆಲ್ಲ ಗೊತ್ತಿದೆ. 1973ರಲ್ಲಿ ಪ್ರಕಟವಾದ ಡಾರ್ಲಿ ಮತ್ತು ಬ್ಯಾಟ್ಸನ್ ಅವರ ಪ್ರಯೋಗವನ್ನು ಪ್ರತಿ ವರ್ಷ ತರಗತಿಯಲ್ಲಿ ವಿವರಿಸುತ್ತಿದ್ದೆ. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಕಳುಹಿಸಿ, ದಾರಿಯಲ್ಲಿ ಕುಸಿದು ಕುಳಿತು ಕೆಮ್ಮುವ ಒಬ್ಬನನ್ನು ಇರಿಸಿದ್ದರು. ಸಮಯವಿದೆ ಎಂದು ತಿಳಿದವರಲ್ಲಿ ಶೇಕಡಾ 63 ಮಂದಿ ನೆರವಾದರು. ತಡವಾಗಿದೆ ಎಂದು ತಿಳಿದವರಲ್ಲಿ ಬರೀ ಶೇಕಡಾ 10. ವ್ಯತ್ಯಾಸ ಮಾಡಿದ್ದು ಅವಸರ. ನಾವು ಮಾತ್ರ ಎಲ್ಲದಕ್ಕೂ ಸ್ವಭಾವವನ್ನೇ ದೂರುತ್ತೇವೆ.

ಮೀನು ಮಾರುವ ಹೆಂಗಸರಿಗೆ ಬಾಯಿ ಜೋರು ಎಂಬ ಮಾತನ್ನು ಹುಟ್ಟಿದಂದಿನಿಂದ ಕೇಳುತ್ತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ನಾಡದೋಣಿಯವರು ತಂದಷ್ಟೇ ತಾಜಾ ಮೀನು. ನಸುಕಿನಲ್ಲಿ ಹೆಚ್ಚಿನ ಬೆಲೆ ಕೊಟ್ಟು ಕೊಂಡ ಬುಟ್ಟಿ, ಕರಗುತ್ತಿರುವ ಮಂಜುಗಡ್ಡೆ, ಏರುತ್ತಿರುವ ಹೊತ್ತು. ಅದರ ನಡುವೆ ನಾವು ಹೋಗಿ ಅರ್ಧ ಬೆಲೆಗೆ ಕೇಳುತ್ತೇವೆ. ಯಾರ ಬಾಯಿಯಾದರೂ ಜೋರಾಗುತ್ತದೆ.

ಹೀಗೆ ಎಲ್ಲರಿಗೂ ಕಾರಣ ಹುಡುಕುತ್ತ ಹೋದರೆ ತಪ್ಪೆಂಬುದೇ ಉಳಿಯುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಲ್ದಾಣದಲ್ಲಿ ಮುದುಕಿ ಇಳಿಯುವ ಮೊದಲೇ ಬಸ್ಸು ಹೊರಡಿಸುವ ಡ್ರೈವರನದು ತಪ್ಪೇ. ಆದರೆ ಹಿಂದಿನ ಬಸ್ಸು ಬೆನ್ನ ಮೇಲೆಯೇ ಇರುವಂಥ ಟೈಮಿಂಗ್ ಇಟ್ಟುಕೊಂಡು ಅವನೊಬ್ಬನನ್ನೇ ಬೈದರೆ ನಾಳೆ ಇನ್ನೊಬ್ಬ ಡ್ರೈವರ್ ಅದನ್ನೇ ಮಾಡುತ್ತಾನೆ.

ಆ ಗೃಹಸ್ಥರ ಮೇಲೆ ನನಗಿಷ್ಟು ಸಿಟ್ಟು ಬರಲು ಬೇರೊಂದು ಕಾರಣವೂ ಇದೆ. ಹಲವು ವರ್ಷಗಳ ಹಿಂದೆ ಮೊದಲ ಅವಧಿಯಲ್ಲಿ ದಿನಾ ತೂಕಡಿಸುತ್ತಿದ್ದ ಹುಡುಗನೊಬ್ಬನನ್ನು ಸೋಮಾರಿಯೆಂದು ಎಲ್ಲರೆದುರು ಎಬ್ಬಿಸಿ ನಿಲ್ಲಿಸುತ್ತಿದ್ದೆ. ಅವನು ಮಲ್ಪೆ ಬಂದರಿನಲ್ಲಿ ನಸುಕಿಗೆ ಮೀನು ಇಳಿಸಿ, ಅಲ್ಲಿಂದಲೇ ಕಾಲೇಜಿಗೆ ಬರುತ್ತಿದ್ದ. ಹಾಜರಿ ಪುಸ್ತಕ ನೀಡುವಾಗ ಅವನ ಮಣಿಕಟ್ಟಿನಲ್ಲಿ ಅಂಟಿಕೊಂಡಿದ್ದ ಮೀನಿನ ಹುರುಪೆಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಆದರೂ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀ ಮಗು ಎಂದು ಕೇಳಿದ್ದು ವರ್ಷದ ಕೊನೆಯ ತರಗತಿಯಲ್ಲಿ.