ಮನೇಲಿರೋದು ಮೂವರು ಮಕ್ಕಳು

ನಮ್ಮ ಮನೆಯ ಬಾಗಿಲ ಹತ್ತಿರ ಮೂರು ಜೊತೆ ಬೂಟು ಸಾಲಾಗಿ ಇರುತ್ತವೆ. ಎಡಕ್ಕೆ ದೊಡ್ಡವಳದು, ನಡುವೆ ನಡುವಿನವನದು, ಬಲಕ್ಕೆ ಚಿಕ್ಕವನದು. ಈ ಸಾಲು ತಪ್ಪುವ ಹಾಗಿಲ್ಲ. ತಪ್ಪಿದರೆ ನಡುವಿನವನು ಅಲ್ಲೇ ನೆಲದ ಮೇಲೆ ಕೂತುಬಿಡುತ್ತಾನೆ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಅವತ್ತು ಮೂವರಿಗೂ ಶಾಲೆಗೆ ತಡ. ಅವನಿಗೆ 10 ವರ್ಷ, ಆಟಿಸಂ ಇದೆ. ಅಂದರೆ ಮಾತಾಡುವ, ಬೇರೆಯವರ ಜೊತೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆ. ಅಕ್ಕನಿಗೆ 14, ತಮ್ಮನಿಗೆ 6.

ನಾವು ಇಂಗ್ಲೆಂಡಿಗೆ ಬಂದು ಆರು ವರ್ಷ ದಾಟಿತು. ಮಗನಿಗೆ ಆಟಿಸಂ ಅಂತ ಗೊತ್ತಾಗಿದ್ದು ಕರ್ನಾಟಕದಲ್ಲಿದ್ದಾಗಲೇ. ಹಾಗಾಗಿ ಎರಡೂ ಕಡೆಯ ರೀತಿಯನ್ನು ಹತ್ತಿರದಿಂದ ನೋಡಿದ್ದೇನೆ. ನೆಂಟರು, ಸ್ನೇಹಿತರು ಫೋನಿನಲ್ಲಿ ಕೇಳುತ್ತಾ ಇರುತ್ತಾರೆ, "ಅಲ್ಲಿ ಇಂಥ ಮಕ್ಕಳಿಗೆ ಎಲ್ಲಾ ಅನುಕೂಲ ಇದೆಯಂತೆ, ಹೌದಾ?" ಹೌದು ಅಂದರೂ ಪೂರ್ತಿ ನಿಜವಲ್ಲ, ಇಲ್ಲ ಅಂದರೂ ಅಲ್ಲ. ಆದರೆ ಆ ಪ್ರಶ್ನೆಯಲ್ಲಿ ನನ್ನ ಇನ್ನಿಬ್ಬರು ಮಕ್ಕಳ ಸುದ್ದಿಯೇ ಇರುವುದಿಲ್ಲ. ನನಗೆ ಹೇಳಬೇಕಾಗಿರುವುದು ಅದನ್ನೇ. ಒಂದು ಮಗುವಿಗೆ ಆಟಿಸಂ ಇದ್ದರೂ ನಾವು ಮಾಡುವ ಒಂದೊಂದು ತೀರ್ಮಾನವೂ ಮೂವರ ಮೇಲೂ ಬೀಳುತ್ತದೆ. ಅಲ್ಲಿಯೂ ಇಲ್ಲಿಯೂ ನಾವು ಅದನ್ನು ಮರೆತು ಬಹಳ ಸಲ ಎಡವಿದ್ದೇವೆ.

ಕರ್ನಾಟಕದಲ್ಲಿದ್ದಾಗ ಮನೆ ತುಂಬ ಜನ. ಮಗ ಎರಡು ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಎಲ್ಲರೂ ಹೇಳಿದ್ದು ಒಂದೇ, "ಗಂಡುಮಕ್ಕಳಿಗೆ ಮಾತು ತಡ. ಅವನ ಚಿಕ್ಕಪ್ಪನೂ ಹಂಗೇ ಇದ್ದ." ಆ ಸಮಾಧಾನದಲ್ಲಿ ಒಂದು ವರ್ಷ ಹೋಯಿತು. ಆಟಿಸಂ ಅಂತ ಗೊತ್ತಾದ ಮೇಲೆ ಮಾತು ಬೇರೆ ದಾರಿ ಹಿಡಿಯಿತು. ಮೊಬೈಲ್ ಕೊಟ್ಟು ಕೂರಿಸಿದ್ದಕ್ಕೆ ಹೀಗಾಯ್ತು, ತಾಯಿ ಕೆಲಸಕ್ಕೆ ಹೋಗ್ತಿದ್ದಳಲ್ಲ ಅದಕ್ಕೆ, ಅಂತ. ನನ್ನ ಹೆಂಡತಿ ಆ ಮಾತುಗಳನ್ನು ಇವತ್ತಿಗೂ ಮರೆತಿಲ್ಲ. ನಾನೂ ಮರೆತಿಲ್ಲ.

ತಾಯಿಯ ತಲೆಗೆ ಕಟ್ಟುವ ಕೆಲಸ ನಮ್ಮವರು ಮಾತ್ರ ಮಾಡಿದ್ದಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ವಿವರವಾಗಿ ಬರೆದ ಮೇಲೆ, ತಾಯಿಯ ಪ್ರೀತಿ ಕಡಿಮೆಯಾಗಿದ್ದಕ್ಕೇ ಮಗು ಹೀಗಾಯಿತು ಅಂತ ಅಲ್ಲಿನ ಹೆಸರಾಂತ ಡಾಕ್ಟರುಗಳೇ ವರ್ಷಗಟ್ಟಲೆ ಹೇಳಿದರು. ಇಂಗ್ಲೆಂಡಿನಲ್ಲಿ 1962ರಲ್ಲಿ ಅಪ್ಪ ಅಮ್ಮಂದಿರೇ ಸೇರಿ ಒಂದು ಸಂಘ ಕಟ್ಟಿದರು. ಇವತ್ತಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಅದೇ. ಇಲ್ಲಿ ಈಗ ಕಾಣುವ ಅನುಕೂಲಗಳು ತಾವಾಗಿ ಬಂದವಲ್ಲ. ಇಂಥ ಮನೆಗಳವರು ಕೇಳಿ ಕೇಳಿ ತಂದುಕೊಂಡಿದ್ದು.

ಆಟಿಸಂಗೆ ವಂಶವಾಹಿಗಳ ಪಾಲು ದೊಡ್ಡದು ಅಂತ ಈಗ ಚೆನ್ನಾಗಿ ಗೊತ್ತಿದೆ. ಒಂದು ಮಗುವಿಗೆ ಇದ್ದರೆ ಆಮೇಲೆ ಹುಟ್ಟುವ ತಮ್ಮ ತಂಗಿಯರಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬರಿಗೆ ಇರುತ್ತದೆ. ಚಿಕ್ಕವನು ಹುಟ್ಟಿದಾಗ ಈ ಲೆಕ್ಕ ನಮ್ಮ ತಲೆಯಲ್ಲಿತ್ತು. ಒಂಬತ್ತನೇ ತಿಂಗಳಲ್ಲಿ ಹೆಸರು ಕರೆದಾಗ ತಿರುಗಿದ. ಹೆಂಡತಿ ಬಾಗಿಲ ಹಿಂದೆ ನಿಂತು ಮತ್ತೆ ಕರೆದಳು, ಮತ್ತೆ ತಿರುಗಿದ. ಆದರೂ ಎರಡು ವರ್ಷ ತುಂಬುವ ತನಕ ನಾವು ಅವನನ್ನು ಪರೀಕ್ಷೆ ಮಾಡುವ ಹಾಗೆಯೇ ನೋಡಿದೆವು. ಆಟದ ಸಾಮಾನು ಸಾಲಾಗಿ ಇಟ್ಟರೆ ಎದೆ ಧಸಕ್ಕೆನ್ನುತ್ತಿತ್ತು. ಒಂದು ಮಗು ಸುಮ್ನೆ ಆಡುವುದನ್ನು ಸುಮ್ನೆ ನೋಡಿ ಖುಷಿಪಡಬೇಕಿತ್ತು. ಅವನಿಗೆ ಆ ಖುಷಿ ನಮ್ಮಿಂದ ತಡವಾಗಿ ಸಿಕ್ಕಿತು.

ನಮ್ಮ ಊರಿನ ಜನರ ಮಾತು ನೋಯಿಸಿತು ನಿಜ, ಆದರೆ ಅವರ ಕೈಗಳನ್ನು ನಾನು ಪ್ರತಿದಿನ ನೆನೆಯುತ್ತೇನೆ. ತಾತ ಅವನ ಪಕ್ಕ ಗಂಟೆಗಟ್ಟಲೆ ಕೂತು ಆಟದ ಕಾರಿನ ಚಕ್ರ ತಿರುಗಿಸುತ್ತಿದ್ದರು. ಥೆರಪಿ ಅಂತ ಅಲ್ಲ, ಮೊಮ್ಮಗನಿಗೆ ಇಷ್ಟ ಅಂತ. ಅಷ್ಟು ಹೊತ್ತು ದೊಡ್ಡವಳು ತನ್ನ ಪಾಡಿಗೆ ತಾನು ಆಡಿಕೊಂಡಿರುತ್ತಿದ್ದಳು. ಆ ಗಂಟೆ ಅವಳಿಗೂ ಎಷ್ಟು ಬೇಕಿತ್ತು ಅಂತ ನಮಗೆ ಗೊತ್ತಾಗಿದ್ದು ಅದು ಇಲ್ಲವಾದಾಗ.

ಇಲ್ಲಿ ಕಾಗದ ಪತ್ರ ಗಟ್ಟಿ. 2014ರ ಕಾನೂನಿನ ಪ್ರಕಾರ ಜಾಸ್ತಿ ಸಹಾಯ ಬೇಕಾದ ಮಗುವಿಗೆ ಇ.ಎಚ್.ಸಿ. ಪ್ಲಾನ್ ಅಂತ ಮಾಡಿಕೊಡುತ್ತಾರೆ. ಓದು, ಆರೋಗ್ಯ, ಆರೈಕೆ ಮೂರೂ ಒಂದೇ ಕಡೆ ಬರೆದಿರುತ್ತದೆ. ಬೇಕಿದ್ದರೆ 25 ವರ್ಷದ ತನಕ ನಡೆಯುತ್ತದೆ. ಸಾಮಾನ್ಯ ಶಾಲೆಗಳಲ್ಲೂ ಇಂಥ ಮಕ್ಕಳ ಜವಾಬ್ದಾರಿಗೆ ಅಂತಲೇ ಒಬ್ಬ ಟೀಚರ್ ಇರಲೇಬೇಕು, ಸೆಂಕೊ ಅನ್ನುತ್ತಾರೆ. ಕೇಳಿದ ದಿನದಿಂದ 20 ವಾರದೊಳಗೆ ಪ್ಲಾನ್ ಆಗಬೇಕು ಅಂತ ನಿಯಮ ಇದೆ. ನಮಗೆ ವರ್ಷದ ಹತ್ತಿರ ಹಿಡಿಯಿತು. ಎಷ್ಟು ಮೇಲ್ ಬರೆದೆವೋ ಲೆಕ್ಕವಿಲ್ಲ. ಆದರೂ ಕೈಗೆ ಬಂದ ಮೇಲೆ ಅದಕ್ಕೆ ಬೆಲೆ ಇದೆ, ಅದರಲ್ಲಿ ಬರೆದ ಓದಿನ ಸಹಾಯ ಸಿಗುವ ಹಾಗೆ ಸ್ಥಳೀಯ ಆಡಳಿತ ನೋಡಿಕೊಳ್ಳಲೇಬೇಕು.

ನಮ್ಮ ದೇಶದಲ್ಲೂ ಕಾನೂನಿಗೆ ಕೊರತೆ ಇಲ್ಲ. 1995ರ ಕಾನೂನಿನಲ್ಲಿ ಏಳೇ ಬಗೆಯ ಅಂಗವೈಕಲ್ಯ ಇತ್ತು, ಆಟಿಸಂ ಇರಲಿಲ್ಲ. 2016ರಲ್ಲಿ ಅದು 21 ಆಯಿತು, ಆಟಿಸಂ ಸೇರಿತು. ಶೇಕಡಾ 40ಕ್ಕೆ ಕಡಿಮೆ ಇಲ್ಲದ ವೈಕಲ್ಯದ ಸರ್ಟಿಫಿಕೇಟ್ ಇದ್ದರೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲೋ, ಬೇಕಾದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕು ಇದೆ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ನಮಗೂ ಗೊತ್ತಿರಲಿಲ್ಲ. ಒಂದು ಶಾಲೆಯವರು "ಬೇರೆ ಮಕ್ಕಳಿಗೆ ತೊಂದರೆ ಆಗತ್ತೆ" ಅಂದಾಗ ನಾವು ತಲೆ ತಗ್ಗಿಸಿ ಹೊರಗೆ ಬಂದೆವು.

ಆದರೆ ಯಾವ ಪ್ಲಾನೂ ಸಂಜೆ ಆರು ಗಂಟೆಗೆ ನಮ್ಮ ಮನೆಗೆ ಬರುವುದಿಲ್ಲ. ಇಲ್ಲಿ ತಾತ ಇಲ್ಲ, ಅಜ್ಜಿ ಇಲ್ಲ, ಇಬ್ಬರೇ ದೊಡ್ಡವರು. ಒಬ್ಬರಿಗೆ ಜ್ವರ ಬಂದರೆ ಮುಗಿಯಿತು. ಆಗ ಮಗಳು ಮೂರನೇ ದೊಡ್ಡವಳಾದಳು. ನಾವು ಯಾರೂ ಹೇಳಲಿಲ್ಲ. ತಮ್ಮನ ಉಸಿರು ಬಿರುಸಾದರೆ ಅವಳಿಗೆ ನಮಗಿಂತ ಮೊದಲು ಗೊತ್ತಾಗುತ್ತಿತ್ತು. ಎದ್ದು ಹೋಗಿ ದೀಪ ಆರಿಸುತ್ತಿದ್ದಳು, ಟಿ.ವಿ. ಸದ್ದು ತಗ್ಗಿಸುತ್ತಿದ್ದಳು, ಚಿಕ್ಕವನನ್ನು ಇನ್ನೊಂದು ಕೋಣೆಗೆ ಕರೆದುಕೊಂಡು ಹೋಗುತ್ತಿದ್ದಳು. ನೋಡಿದವರೆಲ್ಲ "ಎಷ್ಟು ಜವಾಬ್ದಾರಿ ಇದೆ ನಿಮ್ಮ ಮಗಳಿಗೆ" ಅಂತ ಹೊಗಳುತ್ತಿದ್ದರು. ನಾವೂ ಹೆಮ್ಮೆಪಟ್ಟೆವು. ಅವಳು ಗೆಳತಿಯರನ್ನು ಮನೆಗೆ ಕರೆಯುವುದನ್ನು ನಿಲ್ಲಿಸಿ ಒಂದು ವರ್ಷವಾಗಿತ್ತು ಅನ್ನುವುದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಕಣ್ಣಿಗೆ ಬಿದ್ದಿದ್ದು ಅವಳ ಟೀಚರಿಗೆ. ಇಲ್ಲಿ ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವ ಮಕ್ಕಳಿಗೆ ಯಂಗ್ ಕೇರರ್ ಅಂತ ಹೆಸರೇ ಇದೆ. ಅವರಿಗೆ ಏನು ಬೇಕು ಅಂತ ಸ್ಥಳೀಯ ಆಡಳಿತದವರು ವಿಚಾರಿಸಬೇಕು, ಅದೂ 2014ರ ಅದೇ ಕಾನೂನಿನಲ್ಲಿದೆ. ಟೀಚರ್ ನಮ್ಮನ್ನು ಕರೆದು ಅವಳ ತಮ್ಮನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಇವಳಿಗೆ ಅಂತ ವಾರದಲ್ಲಿ ಎಷ್ಟು ಹೊತ್ತು ಇಟ್ಟಿದ್ದೀರಿ?" ಅಂತ ಕೇಳಿದರು. ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಈ ದೇಶದಿಂದ ಕಲಿತದ್ದರಲ್ಲಿ ಅತಿ ದೊಡ್ಡದು ಯಾವುದು ಅಂತ ಕೇಳಿದರೆ ಆ ಒಂದು ಪ್ರಶ್ನೆಯನ್ನೇ ತೋರಿಸುತ್ತೇನೆ.

ಅಲ್ಲಿ ಇದೇ ಮಗಳಿಗೆ, ಅವಳಿಗೆ ಎಂಟು ವರ್ಷ ಆಗಿದ್ದಾಗ, ದೊಡ್ಡವರು ತಲೆ ಸವರಿ ಹೇಳುತ್ತಿದ್ದದ್ದು "ಮುಂದೆ ನೀನೇ ಅಲ್ವಾ ಅವನಿಗೆ ತಾಯಿ" ಅಂತ. ಪ್ರೀತಿಯಿಂದಲೇ ಹೇಳಿದ್ದು. ನಾನೂ ಒಂದು ಸಲ ಹೇಳಿದ್ದೇನೆ, "ನಮ್ಮ ಕಾಲ ಆದ ಮೇಲೆ ನೀನೇ ನೋಡ್ಕೋಬೇಕು ಮಗಳೇ". ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಹಂಗಾದ್ರೆ ನಾನು ದೂರ ಎಲ್ಲೂ ಹೋಗೋ ಹಾಗಿಲ್ವಾ ಅಪ್ಪಾ?" ನಾನು ಏನೋ ಹೇಳಿ ಮಾತು ತೇಲಿಸಿದೆ.

ಅದಕ್ಕೇ ಹೇಳುತ್ತೇನೆ, ಅಕ್ಕ ತಂಗಿ ಅಣ್ಣ ತಮ್ಮಂದಿರಿಗೆ ಚಿಕ್ಕಂದಿನಲ್ಲೇ ಈ ಭಾರ ಹೊರಿಸಬೇಡಿ. ಅಪ್ಪ ಅಮ್ಮ ಮಾಡಬೇಕಾದ ಕೆಲಸವನ್ನು ಅಪ್ಪ ಅಮ್ಮ ಮಾಡಿಟ್ಟಿರಬೇಕು. ಭಾರತದಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಲ್ಲಿ, ಆಟಿಸಂ ಇರುವವರಿಗೆ 18 ತುಂಬಿದ ಮೇಲೆ ಜಿಲ್ಲೆಯ ಸಮಿತಿಯ ಮೂಲಕ ಗಾರ್ಡಿಯನ್ ನೇಮಿಸಲು ದಾರಿ ಇದೆ. ಇಂಗ್ಲೆಂಡಿನಲ್ಲಿ ರೀತಿ ಬೇರೆ. ಮಗನಿಗೆ 16 ದಾಟಿದರೆ ಅವನ ತೀರ್ಮಾನ ಅವನೇ ಮಾಡಬಲ್ಲ ಅಂತಲೇ 2005ರ ಕಾನೂನು ಶುರುಮಾಡುತ್ತದೆ, ಆಗಲ್ಲ ಅಂತಾದರೆ ಮಾತ್ರ ಅವನ ಒಳಿತು ನೋಡಿ ಬೇರೆಯವರು ತೀರ್ಮಾನ ಮಾಡುತ್ತಾರೆ. ಎಲ್ಲಿದ್ದರೂ ಉಯಿಲು ಬರೆಯುವುದು, ಅವನು ಮುಂದೆ ಎಲ್ಲಿ ಇರುತ್ತಾನೆ ಅಂತ ಹುಡುಕುವುದು, ಅವನಿಗೆ ಆದಷ್ಟು ಸ್ವಂತ ಕೆಲಸ ಕಲಿಸುವುದು ನಮ್ಮ ಪಾಲಿನದು. ಮಗಳಿಗೆ 25 ವರ್ಷವಾದಾಗ ಅವಳಾಗಿ "ನಾನಿದ್ದೀನಿ" ಅಂದರೆ ಸಂತೋಷ. ಅನ್ನದಿದ್ದರೂ ಅವಳು ಒಳ್ಳೆಯ ಅಕ್ಕನೇ.

ಇನ್ನೊಂದು ತಪ್ಪು ಭಾಷೆಯದು. ಹೊರಡುವ ಮೊದಲು ಒಬ್ಬ ಥೆರಪಿಸ್ಟ್ ಹೇಳಿದ್ದರು, "ಎರಡು ಭಾಷೆ ಆದ್ರೆ ಅವನಿಗೆ ಗೊಂದಲ. ಹೇಗೂ ಹೊರಗೆ ಹೋಗ್ತಿದ್ದೀರಿ, ಮನೇಲಿ ಬರೀ ಇಂಗ್ಲಿಷ್ ಮಾತಾಡಿ." ನಂಬಿದೆವು. ಮೂರು ವರ್ಷ ಮನೆಯಲ್ಲಿ ಇಂಗ್ಲಿಷೇ. ನಮ್ಮ ಇಂಗ್ಲಿಷ್ ಆಫೀಸಿನದು. ಅದರಲ್ಲಿ ಮುದ್ದು ಮಾಡಲು ಬರುವುದಿಲ್ಲ. ಮಾತು ಕಡಿಮೆಯಾಯಿತು. ಫೋನಿನಲ್ಲಿ ಅಜ್ಜಿ ಮಾತಾಡಿದರೆ ಮಕ್ಕಳಿಗೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಚಿಕ್ಕವನು ಮಾತು ಕಲಿತಾಗ ಅಣ್ಣನನ್ನು ಹೆಸರು ಹಿಡಿದು ಕರೆಯುತ್ತಿದ್ದ. ಮೂರು ತುಂಬುವ ಹೊತ್ತಿಗೆ ಮಾತಿನಲ್ಲಿ ಅಣ್ಣನನ್ನು ದಾಟಿ ಹೋಗಿದ್ದ, ಅವನನ್ನು ತನಗಿಂತ ಚಿಕ್ಕವನ ಹಾಗೆ ಗದರುತ್ತಿದ್ದ.

ಇಲ್ಲಿನ ಸ್ಪೀಚ್ ಥೆರಪಿಸ್ಟ್ ಒಬ್ಬರು ನಮ್ಮನ್ನು ಕೂರಿಸಿಕೊಂಡು ಕೇಳಿದರು, "ನೀವು ಮಗುವನ್ನು ಸಮಾಧಾನ ಮಾಡುವುದು ಯಾವ ಭಾಷೆಯಲ್ಲಿ?" ನಾವು ಕನ್ನಡ ಅಂದೆವು. "ಹಾಗಾದರೆ ಅದನ್ನೇ ಮಾತಾಡಿ" ಅಂದರು. ಎರಡು ಭಾಷೆ ಕೇಳಿಸಿಕೊಂಡು ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲ ಅಂತ ಹಲವು ಅಧ್ಯಯನಗಳು ತೋರಿಸಿವೆ ಅಂತಲೂ ಹೇಳಿದರು. ಅಲ್ಲಿ ಕನ್ನಡದಲ್ಲಿ ಥೆರಪಿ ಇಲ್ಲ ಅಂತಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆದರೂ ಇಂಗ್ಲಿಷ್ ಬಂದರೆ ಮಾತು ಬಂದ ಹಾಗೆ ಅನ್ನುವ ಆಸೆ ನಮ್ಮೊಳಗೇ ಇತ್ತು. ಅದರ ಬೆಲೆಯನ್ನು ಮೂವರೂ ಕೊಟ್ಟರು.

ಕನ್ನಡ ಮರಳಿ ಬರಲು ಒಂದು ವರ್ಷ ಹಿಡಿಯಿತು. ದೊಡ್ಡವಳು ಚಿತ್ರದ ಕಾರ್ಡುಗಳ ಕೆಳಗೆ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಚಿಕ್ಕವನು ಅಜ್ಜಿಯ ಬಾಯಿಂದ ಕೇಳಿ ಕೇಳಿ "ಅಣ್ಣ" ಅನ್ನಲು ಶುರುಮಾಡಿದ. ಆ ಒಂದು ಪದಕ್ಕೆ ಇಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಮಾತಿನಲ್ಲಿ ಹಿಂದಿದ್ದರೂ ಅವನು ಅಣ್ಣ. ಗದರುವ ದನಿ ತಾನಾಗಿ ಇಳಿಯಿತು.

ಹಾಗಂತ ಚಿಕ್ಕವನಿಗೆ ಎಲ್ಲಾ ಸರಿಹೋಗಿದೆ ಅಂತಲ್ಲ. "ಅಣ್ಣ ತಳ್ಳಿದ್ರೆ ಬೈಯಲ್ಲ, ನಾನು ತಳ್ಳಿದ್ರೆ ಬೈತೀಯ" ಅನ್ನುತ್ತಾನೆ. ಅವನು ಹೇಳುವುದು ನಿಜ. ಅಣ್ಣನಿಗೆ ಕಷ್ಟ ಆಗತ್ತೆ ಕಣೋ ಅಂತ ವಿವರಿಸಿ ನೋಡಿದೆವು. ಆರು ವರ್ಷದವನಿಗೆ ವಿವರಣೆ ಸಾಲದು, ಅವನಿಗೆ ಬೇಕಿರುವುದು ನಾವು. ಈಗ ಶನಿವಾರ ಒಬ್ಬೊಬ್ಬರಿಗೆ ಒಂದು ಗಂಟೆ ಅಂತ ಇಟ್ಟಿದ್ದೇವೆ. ಆ ಗಂಟೆಯಲ್ಲಿ ಬೇರೆಯವರ ಮಾತಿಲ್ಲ, ಫೋನಿಲ್ಲ. ಮಗಳು ಮೊದಲ ಎರಡು ಶನಿವಾರ ತಮ್ಮನ ಬಗ್ಗೆಯೇ ಮಾತಾಡಿದಳು. ಮೂರನೇ ವಾರ ತನ್ನ ಕ್ಲಾಸಿನ ಜಗಳದ ಬಗ್ಗೆ ಹೇಳಿಕೊಂಡಳು. ಅವಳ ಬಾಯಿಂದ ಅದನ್ನು ಕೇಳಿ ನನಗೆ ಗಂಟಲು ಕಟ್ಟಿತು.

ನಡುವಿನವನ ಬಾಯಿಂದ ತಾನಾಗಿ, ಸರಿಯಾದ ಹೊತ್ತಿಗೆ ಬಂದ ಮೊದಲ ಪದ "ಸಾಕು". ಅದಕ್ಕೂ ಮೊದಲು ಕೇಳಿದ ವಾಕ್ಯಗಳನ್ನೇ ಇಡಿಯಾಗಿ ಮತ್ತೆ ಮತ್ತೆ ಹೇಳುತ್ತಿದ್ದ. ತಮ್ಮ ತುಂಬಾ ಹತ್ತಿರ ಬಂದರೆ ತಳ್ಳುತ್ತಿದ್ದ. ಒಂದು ಸಂಜೆ ತಮ್ಮ ಮೈಮೇಲೆ ಬಿದ್ದು ಆಡುತ್ತಿದ್ದಾಗ ಅಂಗೈ ಮುಂದೆ ಹಿಡಿದು "ಸಾಕು" ಅಂದ. ಅಜ್ಜಿ ಫೋನಿನಲ್ಲಿ ಮಾತು ಮುಗಿಸುವಾಗ ಹೇಳುವ ಅದೇ ರಾಗದಲ್ಲಿ. ಚಿಕ್ಕವನು ಹಿಂದೆ ಸರಿದ. ದೊಡ್ಡವಳು ಓದುತ್ತಿದ್ದ ಪುಸ್ತಕ ಕೆಳಗಿಟ್ಟು ನಮ್ಮ ಕಡೆ ನೋಡಿದಳು. ಏಳಲಿಲ್ಲ.

ಪ್ರತಿ ವರ್ಷ ಪ್ಲಾನನ್ನು ಮತ್ತೆ ನೋಡುತ್ತಾರೆ. ಅದರ ಮೊದಲ ಭಾಗದಲ್ಲಿ ಮಗುವಿನ, ಮನೆಯವರ ಮಾತಿಗೆ ಜಾಗ ಇದೆ. ಈ ಸಲ ಮೂವರನ್ನೂ ಕೂರಿಸಿಕೊಂಡು ಬರೆದೆವು. ಚಿಕ್ಕವನು ಹೇಳಿದ್ದು, "ಅಣ್ಣನ ಬೂಟು ನಡುವೇನೇ ಇಡ್ಬೇಕು ಅಂತ ಬರಿ." ಬರೆದೆವು. "ಸಾಕು ಅಂದರೆ ಅವನಿಗೆ ಇನ್ನು ಬೇಡ ಅಂತ ಅರ್ಥ, ದಯವಿಟ್ಟು ನಿಲ್ಲಿಸಿ" ಅಂತ ಮಗಳು ಬರೆಸಿದಳು. ಈಗ ಅವನ ಕ್ಲಾಸಿನ ಟೀಚರಿಗೂ ಆ ಪದ ಬರುತ್ತದೆ. ಅವರ ಬಾಯಲ್ಲಿ ಅದು "ಸಾಕೂ" ಆಗುತ್ತದೆ. ಅವನಿಗೆ ಅರ್ಥವಾಗುತ್ತದೆ.