ಹಾಲು ಒಳಗೆ, ಅಪ್ಪ ಹೊರಗೆ

ಈಗಷ್ಟೇ ಆಸ್ಪತ್ರೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಉದ್ದ ಬರೀತೀನಿ. ಪುರುಸೊತ್ತಿಲ್ಲದವರು ಇಲ್ಲಿಂದಲೇ ಮುಂದಕ್ಕೆ ಹೋಗಬಹುದು.

ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬನ ಮಗು ಐದು ದಿನದಿಂದ ಎನ್‌ಐಸಿಯುನಲ್ಲಿದೆ, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ತಾಯಿಗೆ ಬಿಪಿ ಹತೋಟಿಗೆ ಬಂದಿಲ್ಲ, ಮೇಲಿನ ವಾರ್ಡಿನಲ್ಲಿದ್ದಾಳೆ. ಅವಳು ಹಿಂಡಿಕೊಟ್ಟ ಹಾಲು ಹಿಡಿದುಕೊಂಡು ಇವನು ಮೆಟ್ಟಿಲಿಳಿದು ಓಡಿ ಬಂದ. ಬಾಟಲಿಯ ತಳವೂ ಮುಚ್ಚದಷ್ಟು ಹಾಲು. ಅದನ್ನೇ ಎರಡೂ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದ, ಹಕ್ಕಿಮರಿ ಹಿಡಿದ ಹಾಗೆ. ಬಾಗಿಲು ಅರ್ಧ ತೆರೀತು, ಒಂದು ಕೈ ಹೊರಗೆ ಬಂತು, ಬಾಟಲಿ ತಗೊಂಡಿತು.

"ಸಿಸ್ಟರ್, ಒಂದೇ ನಿಮಿಷ ನೋಡ್ಕೊಂಡು ಬರ್ಲಾ?"

"ವಿಸಿಟಿಂಗ್ ಟೈಮ್ ಮುಗೀತು, ಸಂಜೆ ಬನ್ನಿ."

ಹಾಲು ಒಳಗೆ ಹೋಯ್ತು. ತಂದವನು ಹೊರಗೇ ಉಳಿದ.

ವಿಸಿಟಿಂಗ್ ಟೈಮ್! ಅಪ್ಪ ಏನು ನೆಂಟನಾ? ಹೋದ ಪುಟ್ಟ ಬಂದ ಪುಟ್ಟ ಅಂತ ಬಂದು ಮುಖ ತೋರಿಸಿ ಹೋಗೋಕೆ?

ನಮ್ಮ ಮಗಳೂ ಹೀಗೇ ಎನ್‌ಐಸಿಯುನಲ್ಲಿದ್ದ 47 ದಿನಗಳ ಕಥೆ ಇಲ್ಲಿರುವ ಬಹಳ ಜನಕ್ಕೆ ಗೊತ್ತು, ಮತ್ತೆ ಪುರಾಣ ಊದಲ್ಲ. ಆಸ್ಪತ್ರೆಯ ಹೆಸರೂ ಕೇಳಬೇಡಿ. 29 ವಾರಕ್ಕೆ ಹುಟ್ಟಿದವಳು, 1 ಕೆಜಿ 120 ಗ್ರಾಂ. ಹೆಸರೂ ಇರಲಿಲ್ಲ ಆಗ, ಕಾಲಿಗೆ ಕಟ್ಟಿದ ಪಟ್ಟಿಯ ಮೇಲೆ ‘ಬೇಬಿ ಆಫ್’ ಅಂತ ಬರೆದು ಮುಂದೆ ಅವಳಮ್ಮನ ಹೆಸರು. ಉಸಿರಾಡೋದನ್ನೇ ಮರೆತುಬಿಡುವ ಮಕ್ಕಳು ಅವು. ಮಾನಿಟರ್ ಕೂಗಿಕೊಂಡ ತಕ್ಷಣ ಸಿಸ್ಟರ್ ಹೋಗಿ ಅಂಗಾಲು ಸವರೋರು, ಮರೆತಿದ್ದ ಉಸಿರು ಮತ್ತೆ ನೆನಪಾಗೋದು. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ನಮಗೆ ದರ್ಶನ. ಉಳಿದ 23 ಗಂಟೆ ನಮ್ಮ ಮಗು ನಮ್ಮ ಪಾಲಿಗೆ ಬರೀ ಅಂತೆಕಂತೆ. ರಾತ್ರಿ ಚೆನ್ನಾಗಿತ್ತಂತೆ. ತೂಕ ಹತ್ತು ಗ್ರಾಂ ಇಳೀತಂತೆ. ಇವತ್ತು ಕಣ್ಣು ಬಿಡ್ತಂತೆ. ಮೊದಲ ಸಲ ಕಣ್ಣು ಬಿಟ್ಟಿದ್ದೂ ‘ಅಂತೆ’ಯೇ ಕಣ್ರೀ ನಮಗೆ!

ಇನ್ಫೆಕ್ಷನ್ ಆಗುತ್ತೆ ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕ್ತೀರಿ. ಗೊತ್ತು. ಸೋಂಕು ಅಂದ್ರೆ ಆ ಮಕ್ಕಳಿಗೆ ಆಟವಲ್ಲ, ಒಪ್ಪಿದೆ. ನೆಗಡಿ ಹೊತ್ತುಕೊಂಡು ಬರುವ ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರನ್ನು ಗೇಟಿನಲ್ಲೇ ತಡೀರಿ, ನಾನೇ ಬಂದು ಕಾವಲು ನಿಲ್ತೀನಿ. ಆದರೆ ಹೆತ್ತವರನ್ನೂ ಅದೇ ಸಾಲಿಗೆ ಸೇರಿಸೋದು ಯಾವ ಶಾಸ್ತ್ರ? ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿಸಿತ್ತು. ನನ್ನ ಮಗಳಂಥವೇ, ಒಂದು ಕೆಜಿಯಿಂದ 1.8 ಕೆಜಿಯೊಳಗಿನ ಕೂಸುಗಳು. ಮಗುವಿನ ಸ್ಥಿತಿ ಸುಧಾರಿಸಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಬರಿಮೈಯಲ್ಲಿ ಅಂಟಿಸಿದ್ದರು. ತಾಯಿಗೆ ಘಟಕದ ಒಳಗೇ ಹಾಸಿಗೆ. 2021ರಲ್ಲಿ ಫಲಿತಾಂಶ ಬಂತು. ಹಳೇ ಪದ್ಧತಿಯಲ್ಲಿ ನೂರಕ್ಕೆ ಸುಮಾರು 16 ಮಕ್ಕಳು ತೀರಿಕೊಂಡಿದ್ದರೆ ಇಲ್ಲಿ 12. ಸೋಂಕಿನ ಶಂಕೆ ಕೂಡ ಇಲ್ಲೇ ಕಡಿಮೆ! ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಮುಂದಿನ ವರ್ಷವೇ ಸಂಸ್ಥೆಯ ಶಿಫಾರಸೂ ಬಂತು: ದಿನಕ್ಕೆ 8ರಿಂದ 24 ಗಂಟೆ ಎದೆಗಪ್ಪಿಕೊಳ್ಳಿ, ಆರೈಕೆಯಲ್ಲಿ ಮನೆಯವರನ್ನೂ ಸೇರಿಸಿಕೊಳ್ಳಿ ಅಂತ. ಎಂಟು ಗಂಟೆ ಸ್ವಾಮಿ! ನಮ್ಮದು ಎರಡು ಅರ್ಧ ಗಂಟೆ.

ಜಾಗ ಇಲ್ಲ, ಸಿಬ್ಬಂದಿ ಕಡಿಮೆ, ಅದೂ ಗೊತ್ತು. ಹೀಗೆ ಎದೆಗಪ್ಪಿಕೊಂಡು ನೋಡಿಕೊಳ್ಳೋದಕ್ಕೆ ಕಾಂಗರೂ ಆರೈಕೆ ಅಂತಾರೆ, ಅದು ಶುರುವಾಗಿದ್ದೇ ಇಲ್ಲದಿಕೆಯಿಂದ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ವೈದ್ಯರು ಮಕ್ಕಳನ್ನು ಅಮ್ಮಂದಿರ ಎದೆಗೇ ಕಟ್ಟಿದರು. ಇಲ್ಲದವರು ಕಂಡುಕೊಂಡ ದಾರಿಗೆ ‘ನಮ್ಮಲ್ಲಿ ಸೌಕರ್ಯ ಇಲ್ಲ’ ಅನ್ನೋ ನೆಪ ಬೇರೆ.

16ನೇ ರಾತ್ರಿ ಒಬ್ಬ ಸಿಸ್ಟರ್, ಪುಣ್ಯಾತ್ಗಿತ್ತಿ, ಯಾರಿಗೂ ಹೇಳಬೇಡಿ ಅಂತ ನನ್ನನ್ನು ಒಳಗೆ ಕರೆದರು. "ಶರ್ಟ್ ಗುಂಡಿ ಬಿಚ್ಚಿ." ನಳಿಗೆ, ವೈರು ಸಮೇತ ತಂದು ಎದೆಯ ಮೇಲೆ ಇಟ್ಟರು. ಭಾರವೇ ಗೊತ್ತಾಗಲಿಲ್ಲ, ಬಿಸಿ ಮಾತ್ರ ಗೊತ್ತಾಯ್ತು. ಕಿವಿ ಕಾಗದದ ಹಾಗೆ ಮಡಚಿಕೊಂಡಿತ್ತು. ನಾನು ಅವಳನ್ನು ನೋಡೋದು ಬಿಟ್ಟು ಮಾನಿಟರ್‌ನಲ್ಲಿ ಆಕ್ಸಿಜನ್ ಅಂಕಿ ನೋಡ್ತಾ ಕೂತಿದ್ದೆ. 89, 91, 94.

ಇಷ್ಟೆಲ್ಲ ಕೂಗಾಡ್ತಿದೀನಲ್ಲ, ಇದನ್ನೂ ಹೇಳಿಬಿಡ್ತೀನಿ. ಅದಕ್ಕೂ ಐದು ದಿನ ಮೊದಲು ಸಂಜೆಯ ಪಾಳಿಯಲ್ಲಿ ನನ್ನ ಕಣ್ಣೆದುರೇ ಅವಳು ನೀಲಿಗಟ್ಟಿದಳು. ಮೂರು ಜನ ಓಡಿ ಬಂದರು. ಯಾರೂ ನನ್ನನ್ನು ಹೊರಗೆ ಹೋಗಿ ಅನ್ನಲಿಲ್ಲ. ನಾನೇ ಹೊರಟುಬಂದೆ. ಟೈಮ್ ಇನ್ನೂ ಇಪ್ಪತ್ತು ನಿಮಿಷ ಇತ್ತು. "ಯಾಕ್ರೀ ಇಷ್ಟು ಬೇಗ?" ಅಂದಳು ಹೆಂಡತಿ. "ಕಳಿಸಿಬಿಟ್ರು" ಅಂದೆ. ಬಾಗಿಲಲ್ಲಿ ವಿಸಿಟಿಂಗ್ ಟೈಮಿನ ಬೋರ್ಡು ಇತ್ತಲ್ಲ, ನಂಬಿದಳು. ಇವತ್ತು ಇದನ್ನ ಓದ್ತಾಳೆ. ಓದಲಿ, ಏಳು ವರ್ಷ ಆಯ್ತು.

ಆ ಹುಡುಗನಿಗೆ ಇದೆಲ್ಲ ಹೇಳೋಕಾಗಲಿಲ್ಲ. ಬಾಗಿಲ ಎದುರಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿದ್ದೆ, ಅಷ್ಟೇ. ಇಷ್ಟು ಬರೆಯುವ ಹೊತ್ತಿಗೆ ಅವನ ಮೆಸೇಜ್ ಬಂದಿದೆ.

"ಅಣ್ಣಾ, ಹಾಲು ದಕ್ಕಿತಂತೆ."